ಸಂಶೋಧನೆಗೆಂದು ಜರ್ಮನಿಗೆ ಹೊರಟಿರುವ ಗೋಣಿಕೊಪ್ಪಲಿನ ಅಕ್ಕ-ತಮ್ಮನಿಗೆ

ನೀವಿಬ್ಬರೂ ಸೇರಿ ಬರೆದಿರುವ ಪ್ರಶ್ನೆಯ ಸಾರ ಇಷ್ಟು. ಅಕ್ಕ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಎಂ.ಎಸ್ಸಿ. ಮುಗಿಸಿದ್ದಾರೆ, ಕಾಫಿ ತೋಟದ ನೆರಳು ಮರಗಳು ಮತ್ತು ಜೇನುಗಳ ಕುರಿತು ಸಂಶೋಧನೆ ನಡೆಸಲು ಜರ್ಮನಿಯ ವಿಶ್ವವಿದ್ಯಾಲಯವೊಂದು ಅವರನ್ನು ಕರೆದಿದೆ. ತಮ್ಮ ಮಾಡಿರುವುದು ಇತಿಹಾಸದಲ್ಲಿ ಎಂ.ಎ., ಹತ್ತೊಂಬತ್ತನೆಯ ಶತಮಾನದ ಕೊಡಗಿನ ಮಿಷನರಿಗಳ ಕುರಿತು ಪಿಎಚ್.ಡಿ. ಮಾಡುವ ಆಸೆ ಅವರದು. ವಿಜ್ಞಾನ ಓದಿದವಳು ಹೋಗಲಿ, ಇತಿಹಾಸ ಓದಿದವನಿಗೆ ಪರದೇಶದಲ್ಲಿ ಏನು ಕೆಲಸ ಎಂಬುದು ಮನೆಯ ಹಿರಿಯರ ಮಾತು. ನಾನು ವಿರಾಜಪೇಟೆಯ ಕಡೆಯವನು. ಜರ್ಮನಿಯ ಗಾಟಿಂಗೆನ್ ಎಂಬ ಹಳೆಯ ವಿಶ್ವವಿದ್ಯಾಲಯದ ಊರಿನಲ್ಲಿ ಕಾಡಿನ ಮಣ್ಣಿನ ಅಧ್ಯಯನ ಮಾಡಿಕೊಂಡು ಇಲ್ಲಿಯೇ ಸಂಸಾರ ಹೂಡಿದವನು. ನನಗೆ ತೋರುವ ಮಟ್ಟಿಗೆ ಹಿರಿಯರ ಲೆಕ್ಕ ತಲೆಕೆಳಗಾಗಿದೆ. ಅಕ್ಕನ ಸಾಮಗ್ರಿ ಪೂರ್ತಿಯಾಗಿ ಕೊಡಗಿನಲ್ಲಿದೆ, ತಮ್ಮನ ಸಾಮಗ್ರಿಯ ದೊಡ್ಡ ಪಾಲು ಯುರೋಪಿನಲ್ಲಿದೆ. ಪರದೇಶಕ್ಕೆ ಬರಲೇಬೇಕಾದ ಅಗತ್ಯ ಯಾರಿಗಾದರೂ ಇದ್ದರೆ ಅದು ತಮ್ಮನಿಗೆ.

ಮೊದಲು ಹಣದ ಮಾತು. ಜರ್ಮನಿಯಲ್ಲಿ ಪಿಎಚ್.ಡಿ. ಮಾಡುವವರು ಎರಡು ಬಗೆ. ಒಂದು, ವಿಶ್ವವಿದ್ಯಾಲಯದ ನೌಕರರಾಗಿ, ರಾಜ್ಯ ಸರ್ಕಾರಿ ವೇತನಶ್ರೇಣಿಯ ಇ-13 ದರ್ಜೆಯಲ್ಲಿ ಸಂಬಳ ಪಡೆಯುವವರು; ಇನ್ನೊಂದು, ವಿದ್ಯಾರ್ಥಿವೇತನದ ಮೇಲೆ ಬದುಕುವವರು. ಮೇಲ್ನೋಟಕ್ಕೆ ತಿಂಗಳ ಕೊನೆಗೆ ಕೈಗೆ ಬರುವ ಮೊತ್ತದಲ್ಲಿ ಅಂಥ ಅಂತರ ಕಾಣದಿರಬಹುದು. ಆದರೆ ನೌಕರರಾದರೆ ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಮೂರಕ್ಕೂ ಉದ್ಯೋಗದಾತರು ಪಾಲು ಕಟ್ಟುತ್ತಾರೆ. ವಿದ್ಯಾರ್ಥಿವೇತನದವರು ಆರೋಗ್ಯ ವಿಮೆಯನ್ನು ತಾವೇ ನೋಡಿಕೊಳ್ಳಬೇಕು, ಉಳಿದೆರಡರಲ್ಲಿ ಅವರ ಖಾತೆಗೆ ಏನೂ ಸೇರುವುದಿಲ್ಲ. ಪ್ರಬಂಧ ಮುಗಿದು ಮುಂದಿನ ಕೆಲಸ ಸಿಗುವವರೆಗಿನ ಖಾಲಿ ತಿಂಗಳುಗಳಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ಗೊತ್ತಾಗುತ್ತದೆ. ಇ-13 ಎಂದ ಮಾತ್ರಕ್ಕೆ ಪೂರ್ಣ ಸಂಬಳವೆಂದೂ ತಿಳಿಯಬೇಡಿ. ವಿಜ್ಞಾನ ವಿಭಾಗಗಳಲ್ಲಿ ಶೇ. 65ರ ಹುದ್ದೆ ಸಾಮಾನ್ಯ, ಮಾನವಿಕಗಳಲ್ಲಿ ಅರ್ಧ ಹುದ್ದೆಗಳೂ ಇವೆ. ದುಡಿಮೆ ಮಾತ್ರ ಎಲ್ಲ ಕಡೆಯೂ ಪೂರ್ತಿಯೇ. ಇದು ಅನ್ಯಾಯವೆಂದು ಇಲ್ಲಿಯವರೂ ಗೊಣಗುತ್ತಾರೆ, ಗೊಣಗುತ್ತಲೇ ಸಹಿ ಹಾಕುತ್ತಾರೆ.

ಇನ್ನು ಅಕ್ಕನ ವಿಷಯ. ರೊಬಸ್ಟಾ ಕಾಫಿಗೆ ಪರಕೀಯ ಪರಾಗಸ್ಪರ್ಶ, ಅಂದರೆ ಬೇರೆ ಗಿಡದ ಪರಾಗ, ಬೇಕು, ಅರೇಬಿಕಾ ತನ್ನಷ್ಟಕ್ಕೆ ಕಾಯಿ ಕಟ್ಟುತ್ತದೆ ಎಂಬುದನ್ನು ನಾನು ಅವರಿಗೆ ಹೇಳಬೇಕಾಗಿಲ್ಲ. ಆದರೆ ಅದರಿಂದ ಹುಟ್ಟುವ ತೊಡಕನ್ನು ಇಲ್ಲಿನ ಮಾರ್ಗದರ್ಶಕರಿಗೆ ಅವರೇ ತಿಳಿಸಿ ಹೇಳಬೇಕಾಗುತ್ತದೆ. ಫೆಬ್ರುವರಿ-ಮಾರ್ಚಿನಲ್ಲಿ ಹೂಮಳೆ ಬಿದ್ದ ಮೇಲೆ ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಗಳಲ್ಲಿ ಹೂವು ಕಂದುತ್ತದೆ. ಹೆಜ್ಜೇನು ಬರುವುದನ್ನು ಎಣಿಸಬೇಕಾದವರು ಆ ದಿನಗಳಲ್ಲಿ ಗಿಡದ ಬುಡದಲ್ಲಿರಬೇಕು. ಮಳೆ ಯಾವ ದಿನ ಬೀಳುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ. ವಿಶ್ವವಿದ್ಯಾಲಯದ ಪ್ರವಾಸ ವಿಭಾಗವಾದರೋ ಟಿಕೆಟ್ಟಿನ ದಿನಾಂಕವನ್ನು ತಿಂಗಳುಗಳ ಮೊದಲೇ ಕೇಳುತ್ತದೆ. ಮೇಲಾಗಿ ಸ್ಪ್ರಿಂಕ್ಲರ್ ಇರುವ ತೋಟದಲ್ಲಿ ಮಾಲೀಕರು ನೀರು ಹಾಯಿಸಿದಾಗ ಹೂವು, ಪಕ್ಕದ ತೋಟದಲ್ಲಿ ಆಕಾಶ ಕೊಟ್ಟಾಗ ಹೂವು. ಆದ್ದರಿಂದ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಕೊಡಗಿನಲ್ಲಿಯೇ ಇರಲು ಒಪ್ಪಿಗೆಯನ್ನು ಮೊದಲ ವರ್ಷವೇ ಬರವಣಿಗೆಯಲ್ಲಿ ಪಡೆಯುವುದು ಲೇಸು. ಜ್ಯೂರಿಕ್‌ನ ಇ.ಟಿ.ಎಚ್. ತಾಂತ್ರಿಕ ವಿಶ್ವವಿದ್ಯಾಲಯದವರು ನಮ್ಮ ತೋಟಗಳಲ್ಲಿ ಇಂಥದೇ ಕೆಲಸ ಮಾಡಿ ಪ್ರಕಟಿಸಿದ್ದಾರೆ. ಅವರ ಲೇಖನಗಳ ವಿಧಾನ ಭಾಗವನ್ನು ಗಮನವಿಟ್ಟು ಓದಿದರೆ ಕಾಲ ಹೊಂದಿಸಿಕೊಳ್ಳುವ ಬಗೆ ತಿಳಿಯುತ್ತದೆ.

ಹೊಸಬರು ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ, ಅದು ಅನುಮತಿ. ನಮ್ಮೂರಿನ ಮಣ್ಣು, ನಮ್ಮದೇ ತೋಟದ ಎಲೆ, ನಾಲ್ಕು ಚೀಲ ತುಂಬಿಕೊಂಡು ಬಂದರೆ ಯಾರು ಕೇಳುತ್ತಾರೆ ಎನಿಸುವುದು ಸಹಜ. ಆದರೆ 2002ರ ಜೈವಿಕ ವೈವಿಧ್ಯ ಕಾಯಿದೆಯ 3ನೆಯ ಕಲಮಿನ ಪ್ರಕಾರ, ವಿದೇಶಿಯರಷ್ಟೇ ಅಲ್ಲ, ಆದಾಯ ತೆರಿಗೆ ಕಾನೂನಿನಂತೆ ಅನಿವಾಸಿಗಳಾದ ಭಾರತೀಯರೂ ಸಂಶೋಧನೆಗೆಂದು ಜೈವಿಕ ಸಂಪನ್ಮೂಲ ಪಡೆಯಬೇಕಾದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಅನುಮೋದನೆ ಬೇಕು. ಅಂದರೆ ಇಲ್ಲಿ ನೌಕರಿಗೆ ಸೇರಿ ವರ್ಷ ಕಳೆಯುವ ಹೊತ್ತಿಗೆ, ಹುಟ್ಟಿ ಬೆಳೆದ ತೋಟದ ಎಲೆಗೂ ನೀವು ಅರ್ಜಿ ಹಾಕಬೇಕಾದವರಾಗುತ್ತೀರಿ. ಕೇಂದ್ರ ಸರ್ಕಾರದ ಮಾರ್ಗಸೂಚಿಗೆ ಒಳಪಟ್ಟು ಎರಡು ಸಂಸ್ಥೆಗಳ ನಡುವೆ ನಡೆಯುವ ಸಹಯೋಗಕ್ಕೆ 5ನೆಯ ಕಲಮಿನಲ್ಲಿ ವಿನಾಯಿತಿ ಇದೆ; ಪೊನ್ನಂಪೇಟೆಯ ಕಾಲೇಜನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಈ ಕಡೆಯಲ್ಲಿ ಯುರೋಪಿನ ಹೊರಗಿನ ಮಣ್ಣನ್ನು ವೈಜ್ಞಾನಿಕ ಉದ್ದೇಶದ ವಿಶೇಷ ಪರವಾನಗಿ ಇಲ್ಲದೆ ಒಳಗೆ ಬಿಡುವುದಿಲ್ಲ. ನಾನು ಬಲ್ಲ ಸಂಶೋಧಕರೊಬ್ಬರ ಮಾದರಿಗಳು ಕಾಗದಪತ್ರ ಸರಿಯಿಲ್ಲದೆ ವಿಮಾನ ನಿಲ್ದಾಣದಲ್ಲಿ ನಾಶವಾದವು; ಒಂದು ಮುಂಗಾರಿನ ಶ್ರಮ ಹಾಗೆ ಹೋಯಿತು. ಸಾಧ್ಯವಾದಷ್ಟು ವಿಶ್ಲೇಷಣೆಯನ್ನು ಕರ್ನಾಟಕದ ಪ್ರಯೋಗಾಲಯದಲ್ಲಿಯೇ ಮುಗಿಸಿ, ಅಂಕಿಅಂಶಗಳನ್ನು ಮಾತ್ರ ತರುವುದು ನನಗೆ ಹಿಡಿಸುವ ದಾರಿ. ದೇವರಕಾಡುಗಳಲ್ಲಿ ಕೆಲಸ ಮಾಡುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆಯ ಜೊತೆಗೆ ಊರಿನ ಮುಖ್ಯಸ್ಥರಾದ ತಕ್ಕರ ಒಪ್ಪಿಗೆಯೂ ಬೇಕೆಂಬುದನ್ನು ಜರ್ಮನಿಯ ಯಾವ ನಮೂನೆಯೂ ಕೇಳುವುದಿಲ್ಲ, ನೀವೇ ನೆನಪಿಟ್ಟುಕೊಳ್ಳಬೇಕು.

ತಮ್ಮನ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಪಾದ್ರಿಯಾಗಿ ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1853ರಲ್ಲಿ ಕೊಡಗಿಗೆ ಬಂದು, ಎರಡೇ ವರ್ಷಗಳಲ್ಲಿ ಕೊಡಗಿನ ಕುರಿತು ಪುಸ್ತಕ ಪ್ರಕಟಿಸಿದ. ಆ ಪುಸ್ತಕ ಇಂಗ್ಲಿಷಿನಲ್ಲಿದೆ, ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಬಾಸೆಲ್ ಮಿಷನ್ನಿನವರು ತಮ್ಮ ಸಮಿತಿಗೆ ಬರೆಯುತ್ತಿದ್ದ ಪತ್ರಗಳು, ವರದಿಗಳು ಜರ್ಮನ್ ಭಾಷೆಯಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿವೆ. ಅವುಗಳನ್ನು ಬರೆದಿರುವುದು ಕುರ್ರೆಂಟ್ ಎಂಬ ಹಳೆಯ ಕೈಬರಹದಲ್ಲಿ. ಅದರಲ್ಲಿ ‘ಇ’ ಅಕ್ಷರ ‘ಎನ್’ನಂತೆ ಕಾಣುತ್ತದೆ, ‘ಯು’ವನ್ನು ‘ಎನ್’ನಿಂದ ಬೇರೆಯಾಗಿಸುವುದು ಮೇಲಿನ ಒಂದು ಕೊಂಕು ಮಾತ್ರ, ಇಂದಿನ ಜರ್ಮನ್ ವಿದ್ಯಾರ್ಥಿಗಳಿಗೂ ತರಬೇತಿ ಇಲ್ಲದೆ ಓದಲು ಬರುವುದಿಲ್ಲ. ಆ ವಿಷಯದಲ್ಲಿ ನಿಮ್ಮ ತಮ್ಮನೂ ಇಲ್ಲಿನ ವಿದ್ಯಾರ್ಥಿಯೂ ಒಂದೇ ಸಾಲಿನಿಂದ ಓಟ ಶುರು ಮಾಡುತ್ತಾರೆ. ಆ ಪತ್ರಗಳಲ್ಲಿ ಬರುವ ಊರು, ಮನೆತನ, ನಾಡುಗಳ ಹೆಸರನ್ನು ಗುರುತಿಸುವ ಹೊತ್ತಿಗೆ ತಮ್ಮನೇ ಮುಂದೆ ಇರುತ್ತಾರೆ. 1834ರ ನಂತರದ ಬ್ರಿಟಿಷ್ ಆಡಳಿತದ ಕಡತಗಳಿಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳು, ಎರಡನ್ನೂ ನೋಡಬೇಕಾಗುತ್ತದೆ. ಬೆಂಗಳೂರಿನದನ್ನು ಮೊದಲು ಮುಗಿಸಲಿ. ಅಲ್ಲಿ ಏನಿದೆಯೆಂದು ತಿಳಿಯದೆ ಬಂದ ಅಭ್ಯರ್ಥಿಯ ಸಂಶೋಧನಾ ಪ್ರಸ್ತಾವವನ್ನು ಇಲ್ಲಿನ ಪ್ರಾಧ್ಯಾಪಕರು ಎರಡೇ ಪ್ರಶ್ನೆಗಳಲ್ಲಿ ಬಿಚ್ಚಿಡುತ್ತಾರೆ.

ಸಮಾಜ ವಿಜ್ಞಾನದಲ್ಲಿ ನಮ್ಮ ಜಿಲ್ಲೆಗೆ ದೊಡ್ಡ ನಿದರ್ಶನವೇ ಇದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಕೊಡಗಿನ ಸಾಮಗ್ರಿಯನ್ನು ಸಂಗ್ರಹಿಸಿದ್ದು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಶಿಷ್ಯರಾಗಿದ್ದಾಗ, ಅದೇ ಸಾಮಗ್ರಿಯನ್ನು ಆಕ್ಸ್‌ಫರ್ಡಿಗೆ ಒಯ್ದು, ಮಾನವಶಾಸ್ತ್ರಜ್ಞರಾದ ರ್‍ಯಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಅವರ ಬಳಿ ಬೇರೆ ಪ್ರಶ್ನೆಗಳನ್ನಿಟ್ಟು ಮತ್ತೆ ಬರೆದರು. ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವ ಸಂಸ್ಕೃತೀಕರಣದ ಪರಿಕಲ್ಪನೆ ಮಂಡನೆಯಾದ 1952ರ ಪುಸ್ತಕ ಹಾಗೆ ಬಂತು. ಪರದೇಶ ಅವರಿಗೆ ಕೊಟ್ಟದ್ದು ಪ್ರಶ್ನೆಯನ್ನು. ಮನೆತನದ ಮೂಲ ಮನೆಯಾದ ಐನ್‌ಮನೆ, ಮನೆತನವಾದ ಒಕ್ಕ, ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಎಲ್ಲವೂ ಕೊಡಗಿನಿಂದಲೇ ಹೋದವು. ಊರಿನಲ್ಲಿ ಕೆಲಸ ಮಾಡದೆ ಇಲ್ಲಿಗೆ ಬಂದು ‘ವಿಷಯ ಕೊಡಿ’ ಎನ್ನುವವರು ಮಾರ್ಗದರ್ಶಕರ ಹಳೆಯ ಪ್ರಶ್ನೆಗೆ ಕೂಲಿಯಾಳಾಗುತ್ತಾರೆ, ಅದನ್ನು ನಾನು ಪ್ರತಿ ವರ್ಷ ಕಾಣುತ್ತೇನೆ.

ದಿನನಿತ್ಯದ ಬದುಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕೂ ಕಾಲಿಗೆ ಕತ್ತಲಾಗುತ್ತದೆ, ಬಾಡಿಗೆ ಮನೆ ಹುಡುಕುವುದು ಪ್ರಬಂಧಕ್ಕಿಂತ ಕಷ್ಟ, ಭಾನುವಾರ ಅಂಗಡಿ ಮುಚ್ಚಿರುತ್ತದೆ, ಎಲ್ಲಕ್ಕೂ ಒಗ್ಗಿಕೊಳ್ಳುತ್ತೀರಿ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಸಾಕು, ಆದರೆ ವಿದೇಶಿಯರ ಕಚೇರಿಯಲ್ಲಿ, ಮಕ್ಕಳ ಶಾಲೆಯಲ್ಲಿ ಸಾಲದು. ಪ್ರಬಂಧದ ಮೌಖಿಕ ಪರೀಕ್ಷೆ ಮುಗಿದ ದಿನ ಸಹೋದ್ಯೋಗಿಗಳು ರಟ್ಟಿನಲ್ಲಿ ಮಾಡಿದ ವಿಚಿತ್ರ ಟೊಪ್ಪಿಗೆ ತೊಡಿಸಿ, ಕೈಗಾಡಿಯಲ್ಲಿ ಕೂರಿಸಿ, ಊರ ನಡುವಿನ ಕಾರಂಜಿಯ ಬಳಿಗೆ ಎಳೆದುಕೊಂಡು ಹೋಗುತ್ತಾರೆ. ಅಲ್ಲಿರುವ ಬಾತು ಕಾಯುವ ಹುಡುಗಿಯ ಕಂಚಿನ ಪ್ರತಿಮೆಗೆ ಹತ್ತಿ ಮುತ್ತಿಡುವುದು ಗಾಟಿಂಗೆನ್ನಿನ ಪದ್ಧತಿ. ಅಷ್ಟಾದರೂ ಪ್ರಬಂಧ ಪ್ರಕಟವಾಗುವವರೆಗೆ ಹೆಸರಿನ ಹಿಂದೆ ‘ಡಾ.’ ಹಾಕಿಕೊಳ್ಳುವಂತಿಲ್ಲ.

ಆಮೇಲಿನ ದಾರಿ ಕಿರಿದು. ಇಲ್ಲಿನ ಕಾನೂನು ತಾತ್ಕಾಲಿಕ ಸಂಶೋಧನಾ ಹುದ್ದೆಗಳಿಗೆ ಪಿಎಚ್.ಡಿ.ಗೆ ಮುಂಚೆ ಆರು ವರ್ಷ, ಆಮೇಲೆ ಸಾಮಾನ್ಯವಾಗಿ ಆರು ವರ್ಷದ ಮಿತಿ ಹಾಕಿದೆ, ಕಾಯಂ ಹುದ್ದೆಗಳು ಬೆರಳೆಣಿಕೆಯವು. ಅಕ್ಕನಿಗೆ ಅರಣ್ಯ ಸಲಹಾ ಸಂಸ್ಥೆಗಳ ಬಾಗಿಲಾದರೂ ಇದೆ. ತಮ್ಮನಾದರೋ ಊರಿಗೆ ಮರಳುವ ಸಾಧ್ಯತೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಕರ್ನಾಟಕದಲ್ಲಿ ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುವ ಎನ್.ಇ.ಟಿ. (ರಾಷ್ಟ್ರೀಯ ಅರ್ಹತಾ) ಪರೀಕ್ಷೆಯನ್ನು ಹೊರಡುವ ಮುಂಚೆಯೇ ಮುಗಿಸಿಕೊಳ್ಳಲಿ. ಅಕ್ಕನ ಕರೆ ಈಗಾಗಲೇ ಕೈಯಲ್ಲಿರುವುದರಿಂದ, ಉತ್ತರ ಬರೆಯುವಾಗ ಹುದ್ದೆ ನೌಕರಿಯೋ ವಿದ್ಯಾರ್ಥಿವೇತನವೋ, ಶೇಕಡಾ ಎಷ್ಟು, ಎಷ್ಟು ವರ್ಷಕ್ಕೆ, ಕ್ಷೇತ್ರಕಾರ್ಯದ ಖರ್ಚು ಯಾರದು, ಚೆನ್ನೈಗೆ ಅರ್ಜಿ ಹಾಕುವವರು ಯಾರು ಎಂದು ಕೇಳಿ. ತಮ್ಮ ಈ ವರ್ಷ ಜರ್ಮನ್ ತರಗತಿಗೆ ಸೇರಲಿ; ಬಾಸೆಲ್ ಪತ್ರಾಗಾರದ ಸೂಚಿ ಅಂತರಜಾಲದಲ್ಲಿದೆ, ಕೊಡಗಿನ ಕಡತಗಳ ಪಟ್ಟಿ ಮಾಡಿ ಕಳಿಸಿದರೆ ನೋಡಿ ಹೇಳುತ್ತೇನೆ.