ಮಂಜೂರಾದ ರೈಲು ಊರಿಗೆ ಬರೋಕೆ ಯಾಕೆ ಇಷ್ಟು ವರ್ಷ?

ಪ್ರಶ್ನೆ: ತುಮಕೂರು–ರಾಯದುರ್ಗ ರೈಲು ಮಾರ್ಗ ಮಂಜೂರಾದಾಗ ನಾನು ಪಿಯುಸಿ ಓದುತ್ತಿದ್ದೆ. ಈಗ ನನ್ನ ಮಗಳು ಶಾಲೆಗೆ ಹೋಗುತ್ತಿದ್ದಾಳೆ. ನಮ್ಮೂರಿಗೆ ಇನ್ನೂ ರೈಲು ಬಂದಿಲ್ಲ, ಖರ್ಚು ಮಾತ್ರ ಏರುತ್ತಲೇ ಇದೆ. ರಸ್ತೆಗಳು ಬೇಗ ಆಗುತ್ತವೆ, ರೈಲಿಗೇ ಯಾಕೆ ಹೀಗೆ?
ಓದುಗರು, ಮಧುಗಿರಿ

ಉತ್ತರ: ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 'ಮಂಜೂರಾಯಿತು' ಅಂದ ಕೂಡಲೇ ದುಡ್ಡು, ಜಮೀನು, ನಕ್ಷೆ ಎಲ್ಲ ಸಿದ್ಧವಾಗಿದೆ ಅಂದುಕೊಳ್ಳುತ್ತೇವೆ, ಅಲ್ವಾ? ಎಷ್ಟೋ ಸಲ ಆ ಹೊತ್ತಿಗೆ ಮೂರೂ ಇರುವುದಿಲ್ಲ. ಈ ಮಾರ್ಗ 2007-08ರಲ್ಲಿ ಮಂಜೂರಾಯಿತು. ಉದ್ದ ಸುಮಾರು 207 ಕಿಲೋಮೀಟರ್. ಕೊರಟಗೆರೆ, ಮಧುಗಿರಿ, ಪಾವಗಡ ದಾಟಿ ಆಂಧ್ರಕ್ಕೆ ಹೋಗುತ್ತದೆ. ಎರಡು ರಾಜ್ಯ, ಎರಡು ಕಂದಾಯ ಇಲಾಖೆ. ಖರ್ಚಲ್ಲಿ ರಾಜ್ಯಗಳಿಗೂ ಪಾಲಿದೆ. ಒಬ್ಬರ ಕಂತು ತಡವಾದರೆ ಇನ್ನೊಬ್ಬರ ಕೆಲಸವೂ ನಿಲ್ಲುತ್ತದೆ. ಆಂಧ್ರದಲ್ಲಿ ರಾಯದುರ್ಗದ ಕಡೆಯಿಂದ ಕದಿರಿದೇವರಪಲ್ಲಿವರೆಗೆ ಪ್ಯಾಸೆಂಜರ್ ರೈಲು ಎಂದೋ ಬಂದಿದೆ. ನಮ್ಮ ಕಡೆಯದು ಹಿಂದೆ ಬಿತ್ತು.

ದುಡ್ಡು ಒಟ್ಟಿಗೆ ಸಿಗುವುದಿಲ್ಲ, ವರ್ಷ ವರ್ಷ ಸಿಗುತ್ತದೆ. ಯಾವ ಕಾಮಗಾರಿಗೆ ಎಷ್ಟು ಅಂತ ರೈಲ್ವೆಯ 'ಪಿಂಕ್ ಬುಕ್'ನಲ್ಲಿ ಬರೆದಿರುತ್ತದೆ. ಕೆಲವು ಯೋಜನೆಗಳ ಮುಂದೆ ಬರೀ 1,000 ರೂಪಾಯಿ ಇರುವುದೂ ಉಂಟು. ಯೋಜನೆ ಪಟ್ಟಿಯಲ್ಲಿ ಉಳಿಯಲಿ ಅಂತ ಇಡುವ ಹಣ ಅದು. ಕೈಯಲ್ಲಿರುವ ಹಣವನ್ನು ನೂರಾರು ಯೋಜನೆಗೆ ಚೂರು ಚೂರು ಹಂಚಿದರೆ ಯಾವುದೂ ಬೇಗ ಮುಗಿಯುವುದಿಲ್ಲ. ನನ್ನ ಪ್ರಕಾರ ಇದೇ ದೊಡ್ಡ ತಪ್ಪು.

ಇನ್ನು ರಸ್ತೆಯ ಮಾತು. ರಸ್ತೆ ಹತ್ತು ಕಿಲೋಮೀಟರ್ ಆದರೆ ಆ ಹತ್ತು ಕಿಲೋಮೀಟರನ್ನು ಜನ ಅಂದೇ ಬಳಸುತ್ತಾರೆ. ನಡುವೆ ಒಂದು ತೋಟದ ತಕರಾರು ಇದ್ದರೆ ಪಕ್ಕದ ಹಳೇ ರಸ್ತೆಗೆ ಇಳಿದು ಮತ್ತೆ ಹತ್ತಬಹುದು. ರೈಲಿಗೆ ಅದು ಸಾಧ್ಯವಿಲ್ಲ. ಎರಡು ನಿಲ್ದಾಣಗಳ ನಡುವೆ ಒಂದೇ ಒಂದು ಸರ್ವೆ ನಂಬರ್ ಬಾಕಿ ಉಳಿದರೂ ಅಲ್ಲಿ ರೈಲು ಓಡುವುದಿಲ್ಲ. ತಿರುವು ನಿಧಾನವಾಗಿರಬೇಕು, ಏರು ಕಡಿಮೆ ಇರಬೇಕು. ಸಾಮಾನ್ಯವಾಗಿ ನೂರು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರಬಹುದು, ಅಷ್ಟೇ. ಮಧುಗಿರಿ, ಪಾವಗಡದ ಕಡೆಯ ಬಂಡೆ, ಗುಡ್ಡ ನಿಮಗೇ ಗೊತ್ತು. ಕೆಲವು ಕಡೆ ಬಂಡೆ ಸಿಡಿಸಬೇಕು, ಕೆಲವು ಕಡೆ ಮಣ್ಣು ಸುರಿದು ಏರಿ ಕಟ್ಟಬೇಕು. ಹೊಸ ಮಾರ್ಗದಲ್ಲಿ ಈಗ ಗೇಟು ಇಡುವುದಿಲ್ಲ. ಹಾಗಾಗಿ ಹಳ್ಳಿ ದಾರಿ ಹಳಿಗೆ ಅಡ್ಡ ಬಂದರೆ ಕೆಳಸೇತುವೆಯನ್ನೋ ಮೇಲ್ಸೇತುವೆಯನ್ನೋ ಕಟ್ಟಬೇಕು. ವಿದ್ಯುತ್ ಕಂಬ, ನೀರಿನ ಪೈಪು ಸರಿಸಲು ಬೇರೆ ಇಲಾಖೆಗಳ ಹಿಂದೆ ಓಡಾಡಬೇಕು.

ಖರ್ಚು ಏರುವುದಕ್ಕೆ ಮುಖ್ಯ ಕಾರಣ ಈ ತಡವೇ. ವರ್ಷಕ್ಕೆ ಬೆಲೆ ನೂರಕ್ಕೆ 6ರಂತೆ ಏರಿದರೂ 12 ವರ್ಷದಲ್ಲಿ ಅಂದಾಜು ಎರಡು ಪಟ್ಟಾಗುತ್ತದೆ. ಒಂದು ಕಲ್ಲು ಜಾಸ್ತಿ ಇಡದೆಯೂ ಇದು ಆಗುತ್ತದೆ. ಜಮೀನಿನ ಲೆಕ್ಕವೂ ಬದಲಾಯಿತು. 2007ರಲ್ಲಿ ಇದ್ದದ್ದು 1894ರ ಭೂಸ್ವಾಧೀನ ಕಾನೂನು. ಮಾರುಕಟ್ಟೆ ಬೆಲೆಯ ಮೇಲೆ ಮುಖ್ಯವಾಗಿ ನೂರಕ್ಕೆ 30 ಜಾಸ್ತಿ ಕೊಡಬೇಕಿತ್ತು. 2014ರ ಜನವರಿ 1ರಿಂದ ಹೊಸ ಕಾನೂನು, ಅಂದರೆ 2013ರ ಭೂಸ್ವಾಧೀನ ಕಾಯ್ದೆ, ಜಾರಿಗೆ ಬಂತು. ಅದರಲ್ಲಿ ಹಳ್ಳಿ ಜಮೀನಿಗೆ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೂ ಸಿಗಬಹುದು. ಜಮೀನು ಕಳೆದುಕೊಳ್ಳುವವರಿಗೆ ಇದು ನ್ಯಾಯ. ಹಳೇ ಅಂದಾಜುಪಟ್ಟಿಗಳಲ್ಲಿ ಮಾತ್ರ ಈ ಹಣ ಇರಲಿಲ್ಲ.

ಪ್ರಶ್ನೆ: ತುಮಕೂರು–ದಾವಣಗೆರೆ ಮಾರ್ಗಕ್ಕೆ ನಮ್ಮ ತೆಂಗಿನ ತೋಟದ ಒಂದು ಭಾಗ ಹೋಗುತ್ತದೆ. ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ. ರೈತರಿಂದಲೇ ರೈಲು ತಡ ಅನ್ನುತ್ತಾರೆ. ನಾವೇನು ಮಾಡಬೇಕು?
ಓದುಗರು, ಶಿರಾ

ಉತ್ತರ: ಆ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜಮೀನು ಕೊಡಲು ಒಪ್ಪಿದವರ ಕಡತವೂ ವರ್ಷಗಟ್ಟಲೆ ಕೂತಿರುತ್ತದೆ. ತಾತನ ಹೆಸರಿನ ಪಹಣಿ, ಪೋಡಿಯಾಗದ (ಅಳೆದು ಪ್ರತ್ಯೇಕ ಮಾಡದ) ಸರ್ವೆ ನಂಬರ್, ಬಾಯಿಮಾತಿನಲ್ಲೇ ಆದ ಅಣ್ಣತಮ್ಮಂದಿರ ಪಾಲು. ಹೀಗಿದ್ದಾಗ ಹಣ ಯಾರಿಗೆ ಕೊಡಬೇಕು ಅಂತ ಅಧಿಕಾರಿಗೂ ತಿಳಿಯುವುದಿಲ್ಲ. ಯೋಜನೆ ಘೋಷಣೆಯಾದ ವರ್ಷವೇ ಆ ದಾರಿಯ ಹಳ್ಳಿಗಳಲ್ಲಿ ಪೋಡಿ, ಖಾತೆ ಅದಾಲತ್ ನಡೆಸಿದರೆ ಎಷ್ಟೋ ವರ್ಷ ಉಳಿಯುತ್ತದೆ. ಅದು ಸರ್ಕಾರದ ಕೆಲಸ.

ನೀವು ಮೊದಲು ವಂಶವೃಕ್ಷ ಮಾಡಿಸಿ, ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ ಹಾಕಿ. ಜಂಟಿ ಅಳತೆಯ ದಿನ ತಪ್ಪದೆ ತೋಟದಲ್ಲಿರಿ. ಫಲ ಕೊಡುವ ಮರ ಎಷ್ಟು, ಸಸಿ ಎಷ್ಟು, ಬೋರ್‌ವೆಲ್, ಪಂಪು, ಪೈಪು, ಎಲ್ಲವನ್ನೂ ಎಣಿಸಿ ಬರೆಸಿ. ಫೋಟೋ ತೆಗೆದಿಡಿ. ಮರ ಕಡಿದ ಮೇಲೆ ಲೆಕ್ಕ ಕೇಳಿದರೆ ಏನನ್ನು ತೋರಿಸುತ್ತೀರಿ?

ಇನ್ನೊಂದು ಮಾತು ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ಜಮೀನು 2013ರ ಕಾಯ್ದೆಯಡಿ ಹೋಗುತ್ತಿದ್ದರೆ, ಪರಿಹಾರ ಕಡಿಮೆಯಾಯಿತು ಅನಿಸಿದಾಗ 'ತಕರಾರಿನೊಂದಿಗೆ ಪಡೆಯುತ್ತಿದ್ದೇನೆ' ಎಂದು ಬರೆದುಕೊಟ್ಟೇ ಹಣ ತೆಗೆದುಕೊಳ್ಳಿ. ಸುಮ್ನೆ ಸಹಿ ಹಾಕಿ ಪಡೆದರೆ ಆಮೇಲೆ ಜಾಸ್ತಿ ಕೇಳುವ ಹಕ್ಕು ಹೋಗುತ್ತದೆ. ಪರಿಹಾರದ ಆದೇಶ ಆಗುವಾಗ ನೀವು ಹಾಜರಿದ್ದರೆ ಆರು ವಾರದೊಳಗೆ ಅರ್ಜಿ ಕೊಡಬೇಕು. ಅದಕ್ಕೆ ಮುಂಚೆ ಒಬ್ಬ ವಕೀಲರಿಗೆ ಕಾಗದಗಳನ್ನು ತೋರಿಸಿ.

ಪ್ರಶ್ನೆ: ಬೇರೆ ಕಡೆಯೂ ಹೀಗೇನಾ, ಇಲ್ಲಿ ಮಾತ್ರವಾ?
ಓದುಗರು, ತುಮಕೂರು

ಉತ್ತರ: ಬೇರೆ ಕಡೆಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಜನ ಮತ ಹಾಕಿ ಹೈಸ್ಪೀಡ್ ರೈಲಿಗೆ ಒಪ್ಪಿದರು. ಆಗ ಸುಮಾರು 33 ಬಿಲಿಯನ್ ಡಾಲರ್ ಸಾಕು ಅಂದಿದ್ದರು. ಅಂದಾಜು ಈಗ 100 ಬಿಲಿಯನ್ ದಾಟಿದೆ, ರೈಲು ಇನ್ನೂ ಓಡಿಲ್ಲ. ನಮ್ಮಲ್ಲಿ ಕಾಶ್ಮೀರದ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ ಪೂರ್ತಿಯಾಗಿದ್ದು 2025ರ ಜೂನ್‌ನಲ್ಲಿ.

ಆದರೆ ಬೇಗ ಆದದ್ದೂ ಇದೆ. ಕೊಂಕಣ ರೈಲ್ವೆಗೆ 1990ರಲ್ಲಿ ಪ್ರತ್ಯೇಕ ನಿಗಮ ಆಯಿತು. ಬಾಂಡ್ ಮಾರಿ ಹಣ ಎತ್ತಿದರು. ಸುರಂಗ, ಸೇತುವೆ, ಮಳೆ, ಕುಸಿತ ಎಲ್ಲ ಇದ್ದೂ 1998ರ ಜನವರಿಯಲ್ಲಿ ಪೂರ್ತಿ ಮಾರ್ಗ ತೆರೆಯಿತು. ಅದಕ್ಕೆಂದೇ ಎತ್ತಿಟ್ಟ ಹಣ ಇತ್ತು, ಸ್ಥಳದಲ್ಲೇ ತೀರ್ಮಾನ ಮಾಡುವ ಅಧಿಕಾರ ಎಂಜಿನಿಯರ್‌ಗಳಿಗಿತ್ತು.

ಹಾಗಾಗಿ ಜನಪ್ರತಿನಿಧಿಗಳು ಸಿಕ್ಕಾಗ 'ರೈಲು ಯಾವಾಗ' ಅಂತಷ್ಟೇ ಕೇಳಬೇಡಿ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಸರ್ವೆ ನಂಬರ್ ಬಾಕಿ ಇವೆ, ಈ ವರ್ಷ ಎಷ್ಟು ಹಣ ಬಿಡುಗಡೆಯಾಗಿದೆ, ಮೊದಲು ಮುಗಿಯುವ ಭಾಗ ಯಾವುದು ಅಂತ ಕೇಳಿ. ಉತ್ತರವನ್ನು ಬರೆದಿಟ್ಟುಕೊಂಡು ಆರು ತಿಂಗಳ ನಂತರ ಮತ್ತೆ ಅದನ್ನೇ ಕೇಳಿ.