ಎಲ್ಲಾ ಕಡೆ ‘ದೊಡ್ಡ’ ಅಂತಲೇ ಬರೀತೀನಿ, ಏನು ಮಾಡಲಿ?

ಪ್ರಶ್ನೆ: ನಾನು ಆಗಾಗ ಪ್ರವಾಸದ ಬರಹ ಬರೆಯುತ್ತೇನೆ. ಮೊನ್ನೆ ಬರೆದದ್ದು ಹೀಗಿತ್ತು: “ಊರಾಚೆ ಒಂದು ದೊಡ್ಡ ಕೆರೆ. ದಡದಲ್ಲಿ ದೊಡ್ಡ ಆಲದ ಮರ, ಪಕ್ಕದಲ್ಲಿ ದೊಡ್ಡ ಬಂಡೆ. ಗುಡಿಯ ದೊಡ್ಡ ಬಾಗಿಲು ದೊಡ್ಡ ಸದ್ದು ಮಾಡುತ್ತಾ ತೆರೆಯಿತು.” ಓದಿ ನನಗೇ ಬೇಜಾರಾಯಿತು. ನಿಘಂಟು ನೋಡಿ ಬೃಹತ್ ಕೆರೆ, ವಿಶಾಲ ಮರ, ಅಗಾಧ ಬಂಡೆ ಅಂತ ತಿದ್ದಿದೆ. ಗೆಳೆಯರು ಓದಿ ನಕ್ಕರು. ತಪ್ಪೇನಾಯಿತು?

ಉತ್ತರ: ಗೆಳೆಯರು ನಕ್ಕದ್ದು ‘ಅಗಾಧ ಬಂಡೆ’ಗೇ ಇರಬೇಕು. ಅಗಾಧ ಅಂದರೆ ತಳ ಸಿಗದಷ್ಟು ಆಳ. ಕಡಲು ಅಗಾಧ, ಒಬ್ಬರ ಓದು ಅಗಾಧ. ನೆಲದ ಮೇಲೆ ಕೂತ ಬಂಡೆಗೆ ಆಳ ಎಲ್ಲಿಂದ ಬರಬೇಕು? ವಿಶಾಲ ಅನ್ನುವುದು ಜಾಗಕ್ಕೆ ಒಪ್ಪುತ್ತದೆ: ಅಂಗಳ, ಬಯಲು, ಹಜಾರ. ಬೃಹತ್ ಏನೋ ಕೆರೆಗೆ ಹೊಂದೀತು, ಆದರೆ ಪತ್ರಿಕೆಯ ತಲೆಬರಹದ ವಾಸನೆ ಬರುತ್ತದೆ.

‘ದೊಡ್ಡ’ ಸೋಮಾರಿ ಪದ ಅಲ್ಲ, ಆದರೆ ಅದನ್ನು ಬಳಸುವಾಗ ನಾವು ಸೋಮಾರಿಗಳಾಗುತ್ತೇವೆ. ಯಾವ ಕಡೆಗೆ ದೊಡ್ಡದು ಅಂತ ಅದು ಹೇಳುವುದಿಲ್ಲ. ಎತ್ತರವೋ, ಅಗಲವೋ, ದಪ್ಪವೋ, ಜೋರೋ? ಮೊದಲು ಅದನ್ನು ನೀವೇ ಕೇಳಿಕೊಳ್ಳಿ, ನಿಘಂಟು ಆಮೇಲೆ. ನಿಮ್ಮ ಬಾಗಿಲಿನ ಸದ್ದನ್ನೇ ತಗೊಳ್ಳಿ. ಅದು ಕಿರ್ರ್ ಅಂತೋ, ಧಡಾರ್ ಅಂತೋ? ಕನ್ನಡದಲ್ಲಿ ಸದ್ದಿಗೆ ಇಷ್ಟೊಂದು ಪದ ಇರುವಾಗ ‘ದೊಡ್ಡ ಸದ್ದು’ ಯಾಕೆ ಬೇಕು?

ಇನ್ನೊಂದು ದಾರಿ ಇದೆ. ನನಗೆ ತುಂಬಾ ಇಷ್ಟವಾದದ್ದು. ಹಳಗನ್ನಡದ ‘ಪೆರ್’ ಅಂದರೆ ಹಿರಿದು, ದೊಡ್ಡದು. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ‘ಪೆರ್’ ಕೂಡ ‘ಹೆರ್’ ಆಯಿತು. ಅದು ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ: ಹೆಮ್ಮರ, ಹೆಬ್ಬಂಡೆ, ಹೆದ್ದಾರಿ, ಹೆಬ್ಬೆರಳು. ಹಳೆಯ ಶಾಸನಗಳಲ್ಲಿ ಕೃಷ್ಣಾ ನದಿಗೆ ಪೆರ್ದೊರೆ ಎಂಬ ಹೆಸರಿದೆ. ಬರೀ ‘ದೊಡ್ಡ ಹೊಳೆ’, ಅಷ್ಟೇ! ಶಾಲೆಯಲ್ಲಿ ಕರ್ಮಧಾರಯ ಸಮಾಸ ಅಂತ ಬಾಯಿಪಾಠ ಮಾಡಿ ಮರೆತದ್ದು ಇದನ್ನೇ. ಬರೆಯುವಾಗ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಒಂದೇ ಪದದಲ್ಲಿ ವಸ್ತುವೂ ಬಂತು, ಅದರ ಗಾತ್ರವೂ ಬಂತು.

ಆದರೆ ಸ್ವಲ್ಪ ಹುಷಾರು. ಇವುಗಳಲ್ಲಿ ಕೆಲವು ಈಗ ಬೇರೆಯದೇ ವಸ್ತುವಿನ ಹೆಸರಾಗಿವೆ. ಹೆಬ್ಬಾವು ಒಂದು ಜಾತಿಯ ಹಾವು. ನಾಗರ ಎಷ್ಟೇ ಉದ್ದ ಬೆಳೆದರೂ ಹೆಬ್ಬಾವು ಆಗುವುದಿಲ್ಲ. ಹೆಜ್ಜೇನೂ ಹಾಗೆಯೇ. ಹೆಬ್ಬಾಗಿಲು ಅಂದರೆ ಮುಖ್ಯ ಬಾಗಿಲು. ಗುಡಿಯ ಹಿಂಬದಿಯ ಬಾಗಿಲು ಎಷ್ಟು ಎತ್ತರ ಇದ್ದರೂ ಹೆಬ್ಬಾಗಿಲಲ್ಲ. ನೀವು ಹೊಕ್ಕದ್ದು ಯಾವ ಕಡೆಯಿಂದ ಅಂತ ನೋಡಿಕೊಂಡು ಬರೆಯಿರಿ.

‘ಹಿರಿಯ’ ಕೂಡ ಇದೇ ಬೇರಿನ ಪದ, ಈಗ ಗಾತ್ರ ಬಿಟ್ಟು ವಯಸ್ಸಿಗೆ, ಸ್ಥಾನಕ್ಕೆ ಹೋಗಿದೆ. ಹಿರಿಯ ಕವಿ, ದೊಡ್ಡ ಕವಿ ಎರಡೂ ಒಂದೇ ಅಲ್ಲ. ಹಿರಿಯ ಕವಿ ಆಗುವುದಕ್ಕೆ ಒಂದಷ್ಟು ವರ್ಷ ಕಳೆದರೂ ಸಾಕು.

ಹಾಗಂತ ‘ದೊಡ್ಡ’ವನ್ನು ಕಂಡಲ್ಲೆಲ್ಲಾ ಹೊಡೆದುಹಾಕಬೇಡಿ. “ದೊಡ್ಡ ಮನಸ್ಸು ಮಾಡಿ ಕ್ಷಮಿಸಿ” ಅನ್ನುವುದನ್ನು “ವಿಶಾಲ ಮನಸ್ಸು ಮಾಡಿ” ಅಂತ ತಿದ್ದಿದರೆ ಯಾರೂ ಕ್ಷಮಿಸಲಿಕ್ಕಿಲ್ಲ. “ಅವನು ದೊಡ್ಡ ಮನುಷ್ಯ ಬಿಡಿ” ಅನ್ನುವಾಗ ಒಂದು ಕುಟುಕು ಇದೆ, ಅಲ್ವಾ? ಅದು ಬೇರೆ ಯಾವ ಪದದಲ್ಲೂ ಬರುವುದಿಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: “ಊರಾಚೆ ದೊಡ್ಡ ಕೆರೆ, ಆಚೆ ದಡ ಕಾಣುವುದಿಲ್ಲ. ಈಚೆ ದಡದಲ್ಲಿ ಬಿಳಲು ಇಳಿಬಿಟ್ಟು ಹರಡಿಕೊಂಡ ಆಲ, ಪಕ್ಕದಲ್ಲೊಂದು ಹೆಬ್ಬಂಡೆ. ಗುಡಿಯ ಹೆಬ್ಬಾಗಿಲು ಕಿರ್ರ್ ಎಂದು ತೆರೆಯಿತು.” ನೋಡಿ, ಒಂದು ‘ದೊಡ್ಡ’ ಉಳಿಸಿಕೊಂಡಿದ್ದೇನೆ. ಐದಿದ್ದಾಗ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ, ಈಗ ಇದು ಬೀಳುತ್ತದೆ.

ಪ್ರಶ್ನೆ: ಸಣ್ಣ, ಚಿಕ್ಕ, ಪುಟ್ಟ ಮೂರೂ ಒಂದೇ ತಾನೇ? ಯಾವುದನ್ನು ಬೇಕಾದರೂ ಹಾಕಬಹುದಾ?

ಉತ್ತರ: ಕೆಲವು ಕಡೆ ಹಾಕಬಹುದು, ಕೆಲವು ಕಡೆ ಆಗುವುದಿಲ್ಲ. “ನೀವು ಸಣ್ಣಗಾಗಿದ್ದೀರಿ” ಅಂದರೆ ತೆಳ್ಳಗಾಗಿದ್ದೀರಿ ಅಂತ. ಅಲ್ಲಿ ‘ಚಿಕ್ಕ’ ಕೂರುವುದಿಲ್ಲ. ಸಣ್ಣ ಬುದ್ಧಿ ಬೈಗುಳ. ಸಣ್ಣ ಜ್ವರ, ಸಣ್ಣ ಮಳೆ ಸರಿ, ‘ಚಿಕ್ಕ ಮಳೆ’ ಅಂತ ಯಾರೂ ಅನ್ನುವುದಿಲ್ಲ. ಚಿಕ್ಕಪ್ಪ, ಚಿಕ್ಕಂದು ಅನ್ನುವಾಗ ‘ಚಿಕ್ಕ’ ವಯಸ್ಸಿನ ಕಡೆಗೆ ವಾಲುತ್ತದೆ. ‘ಪುಟ್ಟ’ದಲ್ಲಿ ಮಾತ್ರ ಅಕ್ಕರೆ ಸೇರಿಕೊಂಡಿದೆ. ಅದಕ್ಕೇ ಮನೆ ಮಾರುವವರು “ಪುಟ್ಟ ಮನೆ” ಅನ್ನುತ್ತಾರೆ, ಕೊಳ್ಳುವವರು “ಸಣ್ಣ ಮನೆ” ಅನ್ನುತ್ತಾರೆ.