32 ವಾರಕ್ಕೆ ಹುಟ್ಟಿದ ಮಗುವಿಗೆ ಮೂರು ತಿಂಗಳಾಯಿತು, ಇನ್ನೂ ಮುಖ ನೋಡಿ ನಗುತ್ತಿಲ್ಲ. ಥೆರಪಿ ಶುರು ಮಾಡಬೇಕಾ?

"ಪಕ್ಕದ ಮನೆ ಮಗು ಎರಡು ತಿಂಗಳಿಗೇ ನಕ್ಕಿತು" ಅಂತ ಬರೆದಿದ್ದೀರಲ್ಲ, ಆರು ವರ್ಷದ ಹಿಂದೆ ಅದೇ ಮಾತನ್ನು ದಿನಕ್ಕೆ ಹತ್ತು ಸಲ ಆಡಿದವಳು ನಾನು.

ನನ್ನ ಮಗ ಹುಟ್ಟಿದ್ದು 31 ವಾರಕ್ಕೆ, 1,340 ಗ್ರಾಂ ಇದ್ದ. 38 ದಿನ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿದ್ದು, ಆಷಾಢದ ಜಡಿಮಳೆಯಲ್ಲಿ ಶಿವಮೊಗ್ಗದ ಹತ್ತಿರದ ನನ್ನ ತವರಿಗೆ ಬಂದೆವು. ಬರುವಾಗ ನರ್ಸಮ್ಮ ಒಂದು ಮಾತು ಹೇಳಿ ಕಳಿಸಿದ್ದರು: "ನೋಡೋದು, ನಗೋದು, ಕತ್ತು ನಿಲ್ಲೋದು ಎಲ್ಲಾ ಡೆಲಿವರಿ ಡೇಟ್ ಅಂತ ಕೊಟ್ಟಿದ್ರಲ್ಲ, ಅಲ್ಲಿಂದ ಲೆಕ್ಕ ಹಾಕಮ್ಮ." ಡಿಸ್ಚಾರ್ಜ್ ಕಾರ್ಡಿನ ಕೆಳಗೆ ಇನ್ನೊಂದು ವಿಷಯ ಪೆನ್ನಿನಲ್ಲಿ ಬರೆದಿತ್ತು: ಕಣ್ಣಿನ ಎರಡನೇ ತಪಾಸಣೆಯ ತಾರೀಖು. ಮೊದಲನೆಯದು 27ನೇ ದಿನ ಆಸ್ಪತ್ರೆಯಲ್ಲೇ ಆಗಿತ್ತು. ರಕ್ತನಾಳ ಪೂರ್ತಿ ಬೆಳೆದಿಲ್ಲ, ಎರಡು ವಾರ ಬಿಟ್ಟು ಮತ್ತೆ ತೋರಿಸಿ ಅಂದಿದ್ದರು.

ನಾನು ಈ ಎರಡು ಲೆಕ್ಕಗಳನ್ನು ಅದಲು ಬದಲು ಮಾಡಿಕೊಂಡೆ. ಇದನ್ನು ಬಿಡಿಸಿ ಹೇಳಲೇಬೇಕು. ನಗುವಿನ ವಿಷಯಕ್ಕೆ ಬಂದಾಗ ಹುಟ್ಟಿದ ದಿನದಿಂದ ಎಣಿಸಿದೆ, ಯಾಕೆಂದರೆ ಮನೆಗೆ ಬಂದವರೆಲ್ಲ "ಎಷ್ಟು ತಿಂಗಳಾಯ್ತು?" ಅಂತ ಕೇಳುತ್ತಿದ್ದದ್ದು ಅದನ್ನೇ. ಕಣ್ಣಿನ ವಿಷಯಕ್ಕೆ ಬಂದಾಗ ಡೆಲಿವರಿ ಡೇಟಿನ ಲೆಕ್ಕ ಹಿಡಿದೆ. ಇವನು ಹುಟ್ಟಬೇಕಾದ ದಿನವೇ ಇನ್ನೂ ಬಂದಿಲ್ಲ, ಕಣ್ಣಿನ ನರ ಅದರ ಪಾಡಿಗೆ ಬೆಳೆಯುತ್ತೆ, ಈ ಥಂಡಿಯಲ್ಲಿ ಹಸುಗೂಸನ್ನು ಯಾಕೆ ಬಸ್ಸು ಹತ್ತಿಸಲಿ ಅನ್ನಿಸಿತು. ಅಮ್ಮನೂ "ಮೂರು ತಿಂಗಳು ಹೊಸ್ತಿಲು ದಾಟಿಸಬೇಡ" ಅಂದಳು. ಅಮ್ಮನನ್ನು ದೂರುವುದಿಲ್ಲ, ಆ ಕಾರ್ಡು ಓದಲು ಬರುತ್ತಿದ್ದವಳು ನಾನು. 41ನೇ ದಿನ ಹೋಗಬೇಕಿತ್ತು, ಹೋಗಲಿಲ್ಲ.

ಅಷ್ಟೂ ದಿನ ಮಾಡಿದ್ದೇನು ಗೊತ್ತಾ? ಗಿಲಕಿ ಅಲ್ಲಾಡಿಸಿದೆ, ಚಪ್ಪಾಳೆ ತಟ್ಟಿದೆ, ಮೊಬೈಲಿನಲ್ಲಿ ಹಾಡು ಹಾಕಿ ಮುಖದ ಹತ್ತಿರ ಹಿಡಿದೆ. ಅವನು ಮುಖ ಆಚೆ ತಿರುಗಿಸುತ್ತಿದ್ದ, ಬಿಕ್ಕಳಿಸುತ್ತಿದ್ದ, ಬೆರಳುಗಳನ್ನು ಬೀಸಣಿಗೆ ಹಾಗೆ ಅಗಲಿಸುತ್ತಿದ್ದ. ದಿನ ತುಂಬದ ಮಕ್ಕಳು ಸಾಕಾಯಿತು ಅಂತ ಹೇಳುವುದೇ ಹಾಗೆ ಅಂತ ಆಮೇಲೆ ತಿಳಿಯಿತು. ಆಗ ನನಗೆ ಮಗು ನನ್ನನ್ನು ಒಲ್ಲೆ ಅನ್ನುತ್ತಿದೆ ಅನ್ನಿಸಿ ಬಚ್ಚಲಿಗೆ ಹೋಗಿ ಅಳುತ್ತಿದ್ದೆ.

59ನೇ ದಿನ, ನಗುತ್ತಿಲ್ಲ ಅಂತಲೇ ಮಕ್ಕಳ ಡಾಕ್ಟರ ಹತ್ತಿರ ಓಡಿದೆ. ಅವರು ನಗುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕಣ್ಣು ತೋರಿಸಿದ್ರಾ?" ಅಂದರು. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರು, ಆರ್‌ಒಪಿ ಅನ್ನುವ ಕಣ್ಣಿನ ಕಾಯಿಲೆ ಅಂತ ಗೊತ್ತಾಗಿ ಎರಡೇ ದಿನದಲ್ಲಿ ಲೇಸರ್ ಚಿಕಿತ್ಸೆ ಆಯಿತು.

ಆರ್‌ಒಪಿ ಅಂದರೆ ಇಷ್ಟು: ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳು ಪೂರ್ತಿ ಬೆಳೆಯುವುದು ದಿನ ತುಂಬುವ ಹೊತ್ತಿಗೆ. ಮಗು ಮೊದಲೇ ಹುಟ್ಟಿದರೆ ಅವು ಅಡ್ಡಾದಿಡ್ಡಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ಹೊರಗಿಂದ ನೋಡಿದರೆ ಕಣ್ಣು ಫಳಫಳ ಅನ್ನುತ್ತಿರುತ್ತದೆ, ಯಾವ ತಾಯಿಗೂ ಗೊತ್ತಾಗುವುದಿಲ್ಲ. ಚಿಕಿತ್ಸೆಗೆ ಸಿಗುವುದು ಕೆಲವೇ ದಿನ. ನನ್ನ ಮಗನ ಎಡಗಣ್ಣು ಚೆನ್ನಾಗಿದೆ. ಬಲಗಣ್ಣಿಗೆ ದಪ್ಪ ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ. ತಡ ಮಾಡಿದ ಆ 18 ದಿನ ನನ್ನ ಎದೆಯಿಂದ ಇಳಿದಿಲ್ಲ.

ನಗು ಬಂದದ್ದು ಗೌರಿ ಹಬ್ಬ ಕಳೆದ ಮೇಲೆ, 17ನೇ ವಾರದಲ್ಲಿ. ಒಂಬತ್ತು ವಾರ ಮುಂಚೆ ಹುಟ್ಟಿದ್ದು ಕಳೆದರೆ ಎಂಟು ವಾರ, ಸರಿಯಾದ ಹೊತ್ತಿಗೇ. ಆಗ ನಾನು ಏನೂ ಆಡಿಸುತ್ತಿರಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು ಒಗೆದ ಲಂಗೋಟಿ ಮಡಚುತ್ತಿದ್ದೆ. ಮುಖ ಒಂದು ಗೇಣು ದೂರದಲ್ಲಿತ್ತು. ನನ್ನ ಹಣೆಯ ಬೊಟ್ಟನ್ನೇ ದಿಟ್ಟಿಸುತ್ತಿದ್ದವನ ನೋಟ ಮೆಲ್ಲಗೆ ಇಳಿದು ನನ್ನ ಕಣ್ಣಿಗೆ ಬಂದು ನಿಂತಿತು, ಒಂದು ಕಡೆಯ ತುಟಿ ಮೊದಲು ಅರಳಿತು, ಆಮೇಲೆ ಇನ್ನೊಂದು. ನಿದ್ದೆಯಲ್ಲಿ ದೇವರು ಆಡಿಸ್ತಾನೆ ಅಂತೀವಲ್ಲ, ಆ ನಗು ಬೇರೆ. ಇದು ನನಗೆ ಅಂತಲೇ ನಕ್ಕದ್ದು.

ಈಗ ನಿಮ್ಮ ಪ್ರಶ್ನೆ. ಥೆರಪಿ ಬೇಕಾ ಅಂತ ಕೇಳುವ ಕಾಲವೇ ಇನ್ನೂ ಬಂದಿಲ್ಲ. ಎಂಟು ವಾರ ಮುಂಚೆ ಹುಟ್ಟಿದ ನಿಮ್ಮ ಮಗುವಿಗೆ ಈ ಲೆಕ್ಕದಲ್ಲಿ ಐದೇ ವಾರ. ಮುಖ ನೋಡಿ ನಗುವುದು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ. ಎರಡು ವರ್ಷದವರೆಗೂ ಬೆಳವಣಿಗೆಯನ್ನೆಲ್ಲ ಹೀಗೇ ಕಳೆದು ನೋಡಿ. ಈ ಲೆಕ್ಕದಲ್ಲೇ ಮೂರು ತಿಂಗಳು ತುಂಬಿದರೂ ನಗದಿದ್ದರೆ, ಮುಖವನ್ನು ಕಣ್ಣಿನಲ್ಲಿ ಹಿಂಬಾಲಿಸದಿದ್ದರೆ ಡಾಕ್ಟರಿಗೆ ತೋರಿಸಿ. ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ, ದೊಡ್ಡ ಸದ್ದಿಗೂ ಬೆಚ್ಚದಿದ್ದರೆ ಒಂದು ದಿನವೂ ಕಾಯಬೇಡಿ. ಪಕ್ಕದ ಮನೆ ಮಗುವಿನ ಮಾತು ಬಿಡಿ, ಅದು ನಿಮ್ಮ ಮಗುವಿಗೆ ಅಳತೆಗೋಲೇ ಅಲ್ಲ.

ಆದರೆ ಲಸಿಕೆಗೆ ಈ ಕಳೆಯುವ ಲೆಕ್ಕ ಇಲ್ಲ. 6, 10, 14 ವಾರ ಅಂದರೆ ಹುಟ್ಟಿದ ದಿನದಿಂದಲೇ. ಕಣ್ಣಿನ ಮೊದಲ ತಪಾಸಣೆಯೂ ಹುಟ್ಟಿ ತಿಂಗಳು ತುಂಬುವುದರೊಳಗೆ ಆಗಬೇಕು, ಆಮೇಲಿನವು ಕಣ್ಣಿನ ಡಾಕ್ಟರು ಬರೆದ ತಾರೀಖಿಗೇ. ನಮ್ಮ ರಾಜ್ಯದಲ್ಲಿ 2008ರಿಂದ ಕಿಡ್‌ರಾಪ್ ಅನ್ನುವ ಆರ್‌ಒಪಿ ತಪಾಸಣೆ ಕಾರ್ಯಕ್ರಮದವರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೇ ಬಂದು ಇದನ್ನು ಮಾಡುತ್ತಿದ್ದಾರೆ, ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಎನ್‌ಐಸಿಯುನಲ್ಲಿದ್ದ ಮಗುವಿಗೆ ಕಿವಿ ಕೇಳಿಸುತ್ತಾ ಅಂತ ನೋಡುವ ಬೆರಾ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ನೀವು ಇಷ್ಟುದ್ದ ಬರೆದಿದ್ದರಲ್ಲಿ ಕಣ್ಣಿನ ಪರೀಕ್ಷೆಯ ಮಾತು ಎಲ್ಲೂ ಇಲ್ಲ. ಗಿಲಕಿ ಕೆಳಗಿಟ್ಟು ಈಗಲೇ ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ. ಆರ್‌ಒಪಿ ಅಂತ ಬರೆದಿದ್ದರೆ ಎದುರಿಗಿರುವ ತಾರೀಖು ಯಾವುದು, ಇನ್ನು ಬರಬೇಕಿಲ್ಲ ಅಂತ ಡಾಕ್ಟರು ಬರೆದುಕೊಟ್ಟಿದ್ದಾರಾ ನೋಡಿ. ಇನ್ನು ಬರಬೇಕಿಲ್ಲ ಅನ್ನುವ ಸಾಲು ಇಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೊರಡಿ.